ಹಾಸನದಿಂದ ಸ್ವಂತ ವಿಮಾನ ಕಂಪನಿ: ಎಒಸಿ ಬರೋಕೆ ಮುಂಚೆ ವಿಮಾನ ಲೀಸ್‌ಗೆ ಹಿಡಿದಿಡಬಹುದಾ?

ಬೇಡ. ಹಾಸನದಿಂದ ಬೆಂಗಳೂರು, ಮಂಗಳೂರಿಗೆ ಚಿಕ್ಕ ವಿಮಾನ ಓಡಿಸಬೇಕು, ಒಳ್ಳೆ ರೇಟಿಗೆ ಒಂದು ಲೀಸ್‌ಗೆ ಸಿಗ್ತಿದೆ, ಅದನ್ನ ಹಿಡಿದಿಟ್ಟು ಎಒಸಿಗೆ (ವಿಮಾನ ಕಂಪನಿ ನಡೆಸೋಕೆ ಕೇಂದ್ರದ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಡೋ ಸರ್ಟಿಫಿಕೇಟ್) ಅರ್ಜಿ ಹಾಕಲಾ, ಕನ್ಸಲ್ಟೆಂಟ್ ಯಾರು ಒಳ್ಳೆಯವರು ಅಂತ ಕೇಳಿದ್ದೀರಿ. ವಿಮಾನದ ಜಾಗದಲ್ಲಿ ಹೆಲಿಕಾಪ್ಟರ್ ಅಂತ ಬರೆದರೆ ಕೋವಿಡ್‌ಗೆ ಮುಂಚೆ ನಾನೇ ಕೇಳಿದ ಪ್ರಶ್ನೆ ಇದು.

ನಮ್ಮದು ಸಕಲೇಶಪುರ. ನಾನು, ನಮ್ಮ ಭಾವ, ಸೇನೆಯಿಂದ ನಿವೃತ್ತರಾದ ಒಬ್ಬರು ಪೈಲಟ್, ಮೂವರೂ ಸೇರಿ ಕಂಪನಿ ಮಾಡಿದೆವು. ಹಾಸನ ಜಿಲ್ಲೆಯವರಿಗೆ ಈ ಹುಚ್ಚು ಹಿಡಿಯೋಕೆ ಬೇರೆ ಕಾರಣ ಬೇಕಿಲ್ಲ, ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಇದ್ದಾರಲ್ಲ. ಅವರ ಕತೆಯನ್ನ ಎಲ್ಲರೂ 2003ರ ಏರ್ ಡೆಕ್ಕನ್‌ನಿಂದ ಶುರು ಮಾಡ್ತಾರೆ. ಆದರೆ ಅವರು 1997ರಲ್ಲಿ ಮೊದಲು ಇಳಿದಿದ್ದು ಹೆಲಿಕಾಪ್ಟರ್ ಚಾರ್ಟರ್‌ಗೆ, ಏರ್‌ಲೈನ್ ಆಮೇಲೆ. ಇದನ್ನ ನಾವು ಸರಿಯಾಗೇ ಗಮನಿಸಿದ್ದೆವು. ಅದಕ್ಕೇ ಶೆಡ್ಯೂಲ್ಡ್ ಗೋಜಿಗೆ ಹೋಗದೆ ನಾನ್-ಶೆಡ್ಯೂಲ್ಡ್ ಪರ್ಮಿಟ್‌ಗೆ ಹೊರಟೆವು. ಅದರಲ್ಲಿ ಟೈಮ್‌ಟೇಬಲ್ ಹಾಕಿ ಓಡಿಸೋಕೆ ಬಿಡಲ್ಲ, ಆದರೆ ಒಂದೇ ಹೆಲಿಕಾಪ್ಟರ್ ಇದ್ದರೂ ನಡೆಯುತ್ತೆ.

ಎಡವಿದ್ದು ಲೀಸ್‌ನಲ್ಲಿ. ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ನಮ್ಮ ದುಡ್ಡೆಲ್ಲ ಹೋಗಿದ್ದು ಒಂದೇ ಒಂದು ಸಾಲಿನಲ್ಲಿ. ಒಪ್ಪಂದದಲ್ಲಿ ಬಾಡಿಗೆ ಯಾವತ್ತಿನಿಂದ ಅನ್ನೋ ಕಡೆ ಒಂದು ತಾರೀಖು ಇತ್ತು. ತಾರೀಖು, ಅಷ್ಟೇ. ಡಿಜಿಸಿಎ ದಾಖಲೆ ಪರಿಶೀಲನೆ ಮುಗಿಸಿದ ಮೇಲೆ ಅಂತಾಗಲಿ, ಪರ್ಮಿಟ್ ತಡವಾದರೆ ಮುಂದಕ್ಕೆ ಹಾಕಬಹುದು ಅಂತಾಗಲಿ ಇರಲಿಲ್ಲ. ಕೆಳಗೆ ಇನ್ನೊಂದು ಕಲಮು: ಹೆಲಿಕಾಪ್ಟರ್ ಹಾರಲಿ ಬಿಡಲಿ, ಯಾವ ಕಾರಣಕ್ಕೂ ಬಾಡಿಗೆ ನಿಲ್ಲಿಸುವಂತಿಲ್ಲ. ಲೀಸ್‌ನವರು ಮೋಸ ಮಾಡಿದರು ಅಂತ ಊರಲ್ಲಿ ಕೆಲವರು ಹೇಳ್ತಾರೆ, ಹಾಗೇನಿಲ್ಲ. ಈ ಕಲಮು ಎಲ್ಲ ಕಡೆ ಇರುತ್ತೆ, ನಿಮ್ಮ ಒಪ್ಪಂದದಲ್ಲೂ ಇದ್ದೇ ಇರುತ್ತೆ, ತೆಗೆದು ನೋಡಿ. ಬದಲಾಯಿಸೋಕೆ ಆಗೋದು ಶುರುವಾಗೋ ದಿನವನ್ನ ಮಾತ್ರ. ಅದನ್ನೇ ನಾವು ಕೇಳಲಿಲ್ಲ. ಬಾಡಿಗೆ ಡಾಲರ್‌ನಲ್ಲಿ, ಡೆಪಾಸಿಟ್ ಬೇರೆ, ಇನ್ಶೂರೆನ್ಸ್ ಬೇರೆ, ಮೇಂಟೆನೆನ್ಸ್‌ಗೆ ಅಂತ ತಿಂಗಳು ತಿಂಗಳು ಎತ್ತಿಡೋ ದುಡ್ಡು ಬೇರೆ. ಮದುವೆ ಛತ್ರಕ್ಕೆ ಅಡ್ವಾನ್ಸ್ ಕೊಟ್ಟು ಹೆಣ್ಣು ಹುಡುಕೋಕೆ ಹೊರಟ ಹಾಗಿತ್ತು ನಮ್ಮ ಕತೆ.

ಪರ್ಮಿಟ್ ಯಾಕೆ ತಡವಾಯ್ತು ಅಂದ್ರೆ ಮ್ಯಾನುಯಲ್‌ಗಳಿಂದ. ನೀವು ಅರ್ಜಿಯನ್ನ ಒಂದು ಫಾರಂ ಅಂದುಕೊಂಡಿರಬಹುದು. ಅದು ಐದು ಹಂತ: ಮೊದಲ ಮಾತುಕತೆ, ಅರ್ಜಿ, ದಾಖಲೆ ಪರಿಶೀಲನೆ, ಮಾಡಿ ತೋರಿಸೋದು, ಕೊನೆಗೆ ಸರ್ಟಿಫಿಕೇಟ್. ಎನ್‌ಒಸಿ, ಅಂದ್ರೆ ಸರ್ಕಾರದ ನಿರಾಕ್ಷೇಪಣೆ ಪತ್ರ, ಇದಕ್ಕೂ ಮುಂಚೆ ಆಗಬೇಕು, ಡೈರೆಕ್ಟರ್‌ಗಳಿಗೆ ಗೃಹ ಸಚಿವಾಲಯದ ಕ್ಲಿಯರೆನ್ಸ್ ಬೇಕು, ಸೆಕ್ಯುರಿಟಿ ಪ್ರೋಗ್ರಾಮ್‌ಗೆ ವಿಮಾನಯಾನ ಭದ್ರತೆ ನೋಡಿಕೊಳ್ಳೋ ಬಿಸಿಎಎಸ್ ಒಪ್ಪಿಗೆ ಬೇಕು. ಜೀವ ತಿನ್ನೋದು ಮೂರನೇ ಹಂತ. ಆಪರೇಷನ್ಸ್ ಮ್ಯಾನುಯಲ್, ಟ್ರೈನಿಂಗ್, ಸೇಫ್ಟಿ, ಯಾವ್ಯಾವ ಭಾಗ ಕೆಟ್ಟಿದ್ದರೂ ಹಾರಬಹುದು ಅನ್ನೋ ಎಂಇಎಲ್, ಎಲ್ಲವನ್ನೂ ಸಾಲು ಸಾಲು ಓದ್ತಾರೆ.

ನಮ್ಮ ಕನ್ಸಲ್ಟೆಂಟ್ ಇದನ್ನೆಲ್ಲ ಬೇಗ ಬರೆದುಕೊಟ್ಟರು. ತುಂಬಾ ಬೇಗ! ನಮ್ಮ ಪೈಲಟ್ ಸಾಹೇಬರನ್ನ ಎದುರಿಗೆ ಕೂರಿಸಿಕೊಂಡು ಅಧಿಕಾರಿ ಒಂದು ಪುಟ ತಿರುಗಿಸಿದರು. ಅಲ್ಲಿ ಸಮುದ್ರದ ಮಧ್ಯೆ ಎಣ್ಣೆ ಬಾವಿಯ ಡೆಕ್ ಮೇಲೆ ಇಳಿಯೋದು ಹೇಗೆ, ನೀರಿಗೆ ಬಿದ್ದರೆ ಲೈಫ್ ರ‍್ಯಾಫ್ಟ್ ಬಿಚ್ಚೋದು ಹೇಗೆ ಅಂತ ವಿವರವಾಗಿ ಇತ್ತು. ಪಶ್ಚಿಮ ಘಟ್ಟದಲ್ಲಿ ಮಂಜು ಕವಿದರೆ ಏನು ಮಾಡಬೇಕು ಅನ್ನೋದಕ್ಕೆ ಒಂದು ಪ್ಯಾರಾ ಇಲ್ಲ. ನಿಮ್ಮ ಬೇಸ್ ಎಲ್ಲಿ ಅಂತ ಕೇಳಿದರು. ಸಕಲೇಶಪುರ ಅಂದರು ಇವರು. ಅಧಿಕಾರಿ ಏನೂ ಹೇಳಲಿಲ್ಲ, ಪೆನ್ಸಿಲ್‌ನಲ್ಲಿ ಆ ಪುಟಕ್ಕೆ ಒಂದು ಗೀಟು ಎಳೆದರು, ಅಷ್ಟೇ. ಅಲ್ಲಿಂದ ಪ್ರತಿ ಅಧ್ಯಾಯವೂ ಪ್ರಶ್ನೆ ಹೊತ್ತು ವಾಪಸ್ ಬರೋಕೆ ಶುರುವಾಯ್ತು. ಆಪರೇಷನ್ಸ್ ಹೆಡ್, ಸೇಫ್ಟಿ, ಮೇಂಟೆನೆನ್ಸ್ ನೋಡಿಕೊಳ್ಳೋರು ಅಂತ ಹೆಸರು ಕೊಟ್ಟ ಒಬ್ಬೊಬ್ಬರನ್ನೂ ಕೂರಿಸಿ ಅವರವರ ಮ್ಯಾನುಯಲ್‌ನಿಂದಲೇ ಕೇಳ್ತಾರೆ. ತಾವು ಬರೆಯದೇ ಇದ್ದದ್ದಕ್ಕೆ ಅವರು ತಾನೇ ಏನು ಉತ್ತರ ಕೊಡ್ತಾರೆ?

ಒಂದೊಂದು ತಿದ್ದುಪಡಿಗೂ ವಾರಗಳು. ಅತ್ತ ಹೆಲಿಕಾಪ್ಟರ್ ಹ್ಯಾಂಗರ್‌ನಲ್ಲಿ ಕವರ್ ಹೊದ್ದು ನಿಂತಿದೆ, ಬಾಡಿಗೆ ಓಡ್ತಿದೆ. ಭಾವ ತೋಟದ ಮೇಲೆ ಸಾಲ ತಂದರು. ಕೊನೆಗೆ ಡೆಪಾಸಿಟ್ ಬಿಟ್ಟುಕೊಟ್ಟು ವಾಪಸ್ ಕಳಿಸಿದೆವು.

ಪೂರ್ತಿ ಮುಗಿಯೋವರೆಗೂ ವಿಮಾನ ತರಲೇಬಾರದು ಅಂತಲ್ಲ. ತರಲೇಬೇಕು, ನಾಲ್ಕನೇ ಹಂತದಲ್ಲಿ ಅದನ್ನ ಹಾರಿಸಿ ತೋರಿಸದೆ ಸರ್ಟಿಫಿಕೇಟ್ ಕೊಡಲ್ಲ. ಆಕಾಶ ಏರ್ ನೋಡಿ. ವಿಮಾನಯಾನ ಸಚಿವಾಲಯದ ಎನ್‌ಒಸಿ 2021ರ ಅಕ್ಟೋಬರ್‌ನಲ್ಲಿ, ಮೊದಲ ವಿಮಾನ ದೇಶಕ್ಕೆ ಬಂದದ್ದು 2022ರ ಜೂನ್ 21ಕ್ಕೆ, ಎಒಸಿ ಜುಲೈ 7ಕ್ಕೆ, ಟಿಕೆಟ್ ಪ್ರಯಾಣಿಕರ ಮೊದಲ ಹಾರಾಟ ಆಗಸ್ಟ್ 7ಕ್ಕೆ. ಎನ್‌ಒಸಿ ಆಗಿ ಎಂಟು ತಿಂಗಳು ಪೇಪರ್ ಮತ್ತು ಜನ, ವಿಮಾನ ಬಂದ ಮೇಲೆ ಎಒಸಿಗೆ ಮೂರು ವಾರವೂ ಕಾಯಲಿಲ್ಲ. ಅಷ್ಟು ದುಡ್ಡಿದ್ದವರೇ ಹಾಗೆ ಮಾಡಿದ್ದಾರೆ. 1934ರ ಕಾಯ್ದೆ ಹೋಗಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ, ಅರ್ಜಿಯೆಲ್ಲ ಈಗ ಇಜಿಸಿಎ ಪೋರ್ಟಲ್‌ನಲ್ಲೇ. ಆದರೂ ವಿಮಾನ ಕೊನೆಗೆ ಅನ್ನೋ ಲೆಕ್ಕ ಬದಲಾಗಿಲ್ಲ.

ಇನ್ನು ನಿಮ್ಮ ರೂಟ್. ಬೇಜಾರು ಮಾಡ್ಕೋಬೇಡಿ, ಹಾಸನ–ಬೆಂಗಳೂರು ವಿಮಾನದ ರೂಟೇ ಅಲ್ಲ. ಕಾರಿನಲ್ಲಿ ಮೂರೂವರೆ ಗಂಟೆಗೆ ಊರು ಮುಟ್ಟುತ್ತೀರಿ. ವಿಮಾನದಲ್ಲಿ ದೇವನಹಳ್ಳಿಯಲ್ಲಿ ಇಳಿದು ಜಯನಗರಕ್ಕೆ ಹೋಗೋಕೇ ಗಂಟೆ ಮೇಲೆ ಬೇಕು. ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣ ತೆರೆದ ತಕ್ಷಣ ಹಾರಬಹುದು ಅಂತಲೂ ಅಂದುಕೊಳ್ಳಬೇಡಿ. ನಿಲ್ದಾಣಕ್ಕೂ ಡಿಜಿಸಿಎ ಲೈಸೆನ್ಸ್ ಬೇಕು. ಶಿವಮೊಗ್ಗ 2023ರ ಫೆಬ್ರವರಿ 27ಕ್ಕೆ ಉದ್ಘಾಟನೆಯಾಯ್ತು, ಮೊದಲ ಪ್ರಯಾಣಿಕ ವಿಮಾನ ಬಂದದ್ದು ಆಗಸ್ಟ್ 31ಕ್ಕೆ.

ಮಂಗಳೂರು ಕಡೆ ಕಷ್ಟ ನಿಜ, ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಮುಚ್ಚುತ್ತೆ. ನಮ್ಮ ಲೆಕ್ಕಾಚಾರವೂ ಅದರ ಮೇಲೇ ನಿಂತಿತ್ತು. ಆದರೆ ನಮ್ಮಂಥ ಚಿಕ್ಕ ಹೆಲಿಕಾಪ್ಟರ್ ಹಾರೋದು ಕಣ್ಣಿಗೆ ನೆಲ ಕಾಣೋ ಹವಾಮಾನದಲ್ಲಿ ಮಾತ್ರ. ಶಿರಾಡಿ ಮುಚ್ಚೋ ದಿನ ಮೋಡ ಘಟ್ಟದ ಮೇಲೇ ಕೂತಿರುತ್ತೆ. ಅವತ್ತು ಗಿರಾಕಿ ಫೋನ್ ಮೇಲೆ ಫೋನ್ ಮಾಡ್ತಾರೆ, ಹೆಲಿಕಾಪ್ಟರ್ ಮಾತ್ರ ಮೇಲೇಳಲ್ಲ. ಇದನ್ನ ಹೇಳಿದ್ದು ಕನ್ಸಲ್ಟೆಂಟ್ ಅಲ್ಲ, ನಮ್ಮ ಪೈಲಟ್ ಸಾಹೇಬರು. ಅದೂ ನಾವು ಲೀಸ್‌ಗೆ ಸಹಿ ಹಾಕಿ ಬಂದ ಮೇಲೆ, ಯಾಕಂದ್ರೆ ಅಲ್ಲಿವರೆಗೂ ಅವರನ್ನ ನಾವು ಕೇಳಿರಲೇ ಇಲ್ಲ.

ಕನ್ಸಲ್ಟೆಂಟ್ ಹೆಸರು ನಾನು ಕೊಡಲ್ಲ. ಆ ದುಡ್ಡಿನಲ್ಲಿ ನಿಮ್ಮ ಆಪರೇಷನ್ಸ್ ಹೆಡ್‌ಗೆ ಆರು ತಿಂಗಳು ಸಂಬಳ ಕೊಟ್ಟು ಕೂರಿಸಿ, ಮ್ಯಾನುಯಲ್ ಅವರೇ ಬರೆಯಲಿ, ಕನ್ಸಲ್ಟೆಂಟ್ ಬೇಕಿದ್ರೆ ತಿದ್ದಲಿ. ಅರ್ಜಿ ಹಾಕಿದ ಮೇಲೆ ಡೈರೆಕ್ಟರ್ ಬದಲಾಯಿಸೋಕೆ ಹೋಗಬೇಡಿ, ಹೊಸಬರಿಗೂ ಕ್ಲಿಯರೆನ್ಸ್ ಆಗಬೇಕು. ಇನ್ನೂ ಒಂದು ದಾರಿ ಇದೆ, ನಾನು ಈಗ ಮಾಡ್ತಿರೋದು ಅದೇ. ಪರ್ಮಿಟ್ ಇರೋ ಕಂಪನಿಯವರ ಹೆಲಿಕಾಪ್ಟರನ್ನ ಗಂಟೆ ಲೆಕ್ಕದಲ್ಲಿ ತಗೊಂಡು ಗಿರಾಕಿ ಹುಡುಕಿಕೊಡೋದು. ಮದುವೆ, ಎಸ್ಟೇಟ್ ನೋಡೋಕೆ ಬರೋರು, ಚುನಾವಣೆ ಬಂತು ಅಂದ್ರೆ ಕೇಳೋದೇ ಬೇಡ. ಹಾರಿಸೋ ಜವಾಬ್ದಾರಿ ಅವರದು, ಕಮಿಷನ್ ನನ್ನದು. ಎರಡು ಸೀಸನ್ ಇದನ್ನ ಮಾಡಿ ನೋಡಿ, ಹಾಸನದಲ್ಲಿ ಯಾರು ನಿಜವಾಗಿ ದುಡ್ಡು ಕೊಟ್ಟು ಹತ್ತುತ್ತಾರೆ ಅಂತ ಗೊತ್ತಾಗುತ್ತೆ. ಲೀಸ್‌ನವರಿಗೆ ಮಾತ್ರ ಈ ವಾರವೇ ಫೋನ್ ಮಾಡಿ, ಟೋಕನ್ ಕೊಡಲ್ಲ ಅಂದುಬಿಡಿ.