ಊಟ ಆಯ್ತಾ ಅಂದವರು ಒಬ್ಬರು, ಎಲ್ಲಿದ್ದೀಯ ಅಂದವನು ಇನ್ನೊಬ್ಬ

ಇದು ನನ್ನ ಹತ್ತಿರ ಸಲಹೆಗೆ ಬಂದ ಒಬ್ಬ ಹೆಣ್ಣುಮಗಳ ಕಥೆ. ಗುರುತು ಸಿಗಬಾರದು ಅಂತ ವಯಸ್ಸು, ಊರು, ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಆಕೆಗೆ ಓದಿ ಹೇಳಿ, ಒಪ್ಪಿಗೆ ಪಡೆದಿದ್ದೇನೆ.

ಆಕೆಗೆ 29 ವರ್ಷ. ಹಾಸನದ ಕಡೆಯ ಹಳ್ಳಿಯವರು, ಬೆಂಗಳೂರಿನಲ್ಲಿ ಕೆಲಸ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಐದು ವಾರ ಬಿಡುವು ಸಿಕ್ಕಿತ್ತು. ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ಒಬ್ಬರೇ ಅಸ್ಸಾಮಿನ ಹಳ್ಳಿಗಳನ್ನು ಸುತ್ತಿ ಬಂದರು. ಬಂದು ತಿಂಗಳಾದ ಮೇಲೆ ನನ್ನ ಎದುರು ಕೂತಿದ್ದರು. ರಾತ್ರಿ ನಿದ್ದೆ ಹತ್ತುವುದಿಲ್ಲ. ಹೊಸ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಫೋನ್ ಗುಂಯ್ ಅಂದರೆ ಎದೆ ಧಸಕ್ಕೆನ್ನುತ್ತದೆ. ಅವರು ಹೇಳಿದ ಮೊದಲ ಮಾತು ಇದು: "ಮೇಡಂ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಫ್ರೆಂಡ್ಸ್ ಮಾಡ್ಕೊಂಡೆ. ಅದೇ ನನ್ನ ತಪ್ಪು."

ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ್ದರು. ಒಂದು ಗಂಟೆಯಲ್ಲಿ ಅದು ಆರು ಸಲ ಗುಂಯ್ ಅಂದಿತು. ಆರು ಸಲವೂ ಆಕೆಯ ಕೈ ದುಪಟ್ಟಾದ ಅಂಚು ಹುಡುಕಿಕೊಂಡು ಹೋಯಿತು. ಯಾರು ಅಂತ ಕೇಳಿದೆ. ಇಬ್ಬರು, ಅಂದರು. ಒಬ್ಬರು ಮಾಜುಲಿಯ ಹೆಂಗಸು. ಇನ್ನೊಬ್ಬ ಅಲ್ಲೇ ಪರಿಚಯವಾದ ಹುಡುಗ. ಇಬ್ಬರ ಮೆಸೇಜನ್ನೂ ಆಕೆ ಎರಡು ವಾರದಿಂದ ತೆರೆದಿರಲಿಲ್ಲ.

ಮೊದಲು ಮಾಜುಲಿಯ ಬಗ್ಗೆ ಹೇಳಿ ಅಂದೆ. ಅಲ್ಲಿಯವರೆಗೆ ನೆಲ ನೋಡಿಕೊಂಡು ಮಾತಾಡುತ್ತಿದ್ದವರು ತಲೆ ಎತ್ತಿದರು.

ಮಾಜುಲಿ ಬ್ರಹ್ಮಪುತ್ರೆಯ ನಡುವೆ ಇರುವ ದೊಡ್ಡ ದ್ವೀಪ. 2016ರಿಂದ ಅದೇ ಒಂದು ಜಿಲ್ಲೆ. ಜೋರ್ಹಾಟ್ ಹತ್ತಿರದ ನಿಮಾತಿ ಘಾಟ್‌ನಿಂದ ಫೆರಿ ಹತ್ತಿದರೆ ಕಮಲಾಬಾರಿ ಘಾಟ್‌ನಲ್ಲಿ ಇಳಿಯಬಹುದು. ಜನ, ಬೈಕು, ಕಾರು, ಕೋಳಿ ಬುಟ್ಟಿ ಎಲ್ಲ ಒಂದೇ ದೋಣಿಯಲ್ಲಿ. ಈಕೆ ಉಳಿದುಕೊಂಡದ್ದು ಮಿಸಿಂಗ್ ಅನ್ನುವ ಬುಡಕಟ್ಟಿನ ಜನರ ಊರಿನ ಒಂದು ಹೋಂಸ್ಟೇಯಲ್ಲಿ. ನದಿ ಉಕ್ಕಿದರೆ ನೀರು ಒಳಗೆ ಬರಬಾರದು ಅಂತ ಅವರು ಕಂಬಗಳ ಮೇಲೆ ಬಿದಿರಿನ ಮನೆ ಕಟ್ಟುತ್ತಾರೆ. ಅದಕ್ಕೆ ಚಾಂಗ್ ಘರ್ ಅನ್ನುತ್ತಾರೆ. ಮನೆಯ ಕೆಳಗೆ ಮಗ್ಗ, ಕೋಳಿ, ಸೌದೆ.

ಹತ್ತಲು ಇದ್ದದ್ದು ಮೆಟ್ಟಿಲು ಕೊರೆದ ಒಂದು ಮರದ ದಿಮ್ಮಿ. ಮೊದಲ ಸಂಜೆ ಬ್ಯಾಗ್ ಸಮೇತ ಹತ್ತಲು ಹೋಗಿ ಈಕೆ ಜಾರಿದರು. ಮನೆಯಾಕೆ ಓಡಿ ಬಂದು ತೋಳು ಹಿಡಿದುಕೊಂಡರು. ಬಿದ್ದವರನ್ನು ಎಬ್ಬಿಸಿ ಸುಮ್ನೆ ಬಿಡಲಿಲ್ಲ. ಬೆನ್ನಿನ ಬ್ಯಾಗನ್ನು ಬಿಚ್ಚಿ, ತಮ್ಮ ತಲೆ ಮೇಲೆ ಇಟ್ಟುಕೊಂಡು, ಒಂದು ಕೈಯಲ್ಲಿ ಇವರನ್ನು ಎಳೆದುಕೊಂಡು ಮೇಲೆ ಹತ್ತಿದರು. ಅಲ್ಲಿಂದಲೇ ಶುರುವಾಯಿತು ಸ್ನೇಹ. ಆ ಹೆಂಗಸಿಗೆ ಹಿಂದಿ ಅಷ್ಟಕ್ಕಷ್ಟೆ. ಈಕೆಗೆ ಅಸ್ಸಾಮಿ ಬರುವುದಿಲ್ಲ. ಆದರೂ ಐದು ದಿನ ಒಲೆ ಮುಂದೆ ಕೂತು ಮಾತಾಡಿದರು. ಮಗ್ಗದ ಮುಂದೆ ಈಕೆಯ ಕೈ ಹಿಡಿದು ಲಾಳಿ ಎಸೆಯುವುದನ್ನು ಕಲಿಸಿದರು. "ಭೊಂಟಿ" ಅಂತ ಕರೆಯುತ್ತಿದ್ದರು, ಅಂದರೆ ತಂಗಿ. ಹೊರಡುವ ದಿನ ಹೆಗಲಿಗೆ ಗಾಮೋಸಾ ಅನ್ನುವ ಕೆಂಪು ಅಂಚಿನ ವಸ್ತ್ರ ಹಾಕಿದರು.

ಆ ಖುಷಿಯಲ್ಲಿ ಈಕೆ ಒಂದು ಮಾತು ಕೊಟ್ಟುಬಿಟ್ಟರು. "ನೀವು ನೇಯ್ದು ಕಳಿಸಿ, ಬೆಂಗಳೂರಲ್ಲಿ ನಾನು ಮಾರಿಸಿಕೊಡ್ತೀನಿ."

ಆ ಹೆಂಗಸು ಮಾತನ್ನು ಮಾತು ಅಂತಲೇ ನಂಬಿದರು. ಸಾಲಕ್ಕೆ ನೂಲು ತಂದು ಎಂಟು ಶಾಲು ನೇಯ್ದರು. ಆ ಸುದ್ದಿ ಬಂದ ದಿನದಿಂದ ಈಕೆ ಅವರ ಮೆಸೇಜ್ ತೆರೆಯುವುದನ್ನು ನಿಲ್ಲಿಸಿದ್ದರು.

ಇನ್ನು ಆ ಹುಡುಗ. ಆಕೆಯ ಮನೆಯವರು ಅವನನ್ನು "ಆ ಹಳ್ಳಿಯವನು" ಅಂದುಕೊಂಡಿದ್ದರು. ನಿಜ ಹೇಳಬೇಕೆಂದರೆ ನಾನೂ ಕೆಲವು ನಿಮಿಷ ಹಾಗೇ ಅಂದುಕೊಂಡಿದ್ದೆ. ಅವನು ಆ ಊರಿನವನೇ ಅಲ್ಲ. ದೊಡ್ಡ ನಗರದಿಂದ ಬಂದ ಇನ್ನೊಬ್ಬ ಪ್ರವಾಸಿ. ಫೆರಿಯಲ್ಲಿ ಸಿಕ್ಕ, ಚೆನ್ನಾಗಿ ಇಂಗ್ಲಿಷ್ ಮಾತಾಡಿದ, ಇಬ್ಬರೂ ಸೈಕಲ್ ಬಾಡಿಗೆಗೆ ತೆಗೆದುಕೊಂಡು ಸಾಮಗುರಿ ಸತ್ರಕ್ಕೆ (ಸತ್ರ ಅಂದರೆ ಅಲ್ಲಿಯ ವೈಷ್ಣವ ಮಠ) ಹೋಗಿ ಮುಖವಾಡ ಮಾಡುವುದನ್ನು ನೋಡಿ ಬಂದರು. ಫೋಟೋ ಕಳಿಸುತ್ತೇನೆ ಅಂತ ನಂಬರ್ ತೆಗೆದುಕೊಂಡ. ನಾಲ್ಕು ದಿನದ ನಂತರ ಈಕೆ ಶಿವಸಾಗರದಲ್ಲಿ ಅಹೋಮ್ ದೊರೆಗಳ ಕಾಲದ ರಂಗ್ ಘರ್ ನೋಡುತ್ತಿದ್ದಾಗ ಅಲ್ಲೂ ಬಂದು ನಿಂತಿದ್ದ. ಈಕೆ ಬೆಳಗ್ಗೆ ಹಾಕಿದ್ದ ಸ್ಟೇಟಸ್ ನೋಡಿ ಬಂದಿದ್ದ.

"ಆಗ ನಿಮಗೆ ಏನನ್ನಿಸಿತು?" ಅಂತ ಕೇಳಿದೆ.

"ಹೊಟ್ಟೆ ಕಲಸಿದ ಹಾಗಾಯ್ತು."

"ಏನು ಮಾಡಿದ್ರಿ?"

"ನಕ್ಕೆ. ಓ, ನೀವೂ ಇಲ್ಲೇ ಇದ್ದೀರಾ ಅಂದೆ."

ಈ ಒಂದು ಉತ್ತರದ ಮೇಲೆಯೇ ನಮ್ಮ ಎರಡನೇ ಭೇಟಿ ಪೂರ್ತಿ ಹೋಯಿತು. ನಮ್ಮ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಎರಡು ಪಾಠ ಹೇಳಿಕೊಡುತ್ತೇವೆ. ಯಾರನ್ನೂ ನಂಬಬೇಡ ಅನ್ನುವುದು ಒಂದು. ಯಾರಿಗೂ ಮುಖ ಮುರಿಯುವ ಹಾಗೆ ಮಾತಾಡಬೇಡ ಅನ್ನುವುದು ಇನ್ನೊಂದು. ಜನ ಮೊದಲನೆಯದನ್ನೇ ಜಾಸ್ತಿ ಹೇಳುತ್ತಾರೆ. ಆದರೆ ನನ್ನ ಹತ್ತಿರ ಬರುವವರನ್ನು ಕಷ್ಟಕ್ಕೆ ಸಿಕ್ಕಿಸಿರುವುದು ಹೆಚ್ಚಾಗಿ ಎರಡನೆಯದು. ಈಕೆಯ ಹೊಟ್ಟೆಗೆ ಎಲ್ಲ ಗೊತ್ತಾಗಿತ್ತು. ಬಾಯಿ ಮಾತ್ರ ಕಲಿತ ಪಾಠವನ್ನೇ ಒಪ್ಪಿಸಿತು. ಬೆಂಗಳೂರಿಗೆ ಬಂದ ಮೇಲೂ ಅವನ ಮೆಸೇಜಿಗೆ "ಬ್ಯುಸಿ ಇದ್ದೆ, ಸಾರಿ" ಅಂತ ಬರೆಯುತ್ತಿದ್ದರು. ಅವನು ಎಲ್ಲಿದ್ದೀಯ, ಯಾಕೆ ಉತ್ತರ ಇಲ್ಲ, ಯಾರ ಜೊತೆ ಇದ್ದೀಯ ಅಂತ ಕೇಳುತ್ತಾ ಹೋದ. ರಾತ್ರಿ ಎರಡು ಗಂಟೆಗೂ ಕಾಲ್ ಬರುತ್ತಿತ್ತು.

ಅವತ್ತು ಆಕೆಯ ಕೈಗೆ ಒಂದು ಹಾಳೆ ಕೊಟ್ಟೆ. ಮಧ್ಯ ಒಂದು ಗೆರೆ. ಇಬ್ಬರ ಮೆಸೇಜನ್ನೂ ನನ್ನ ಎದುರಿಗೇ ಒಂದೊಂದಾಗಿ ತೆರೆಯಿರಿ, ಅವರು ನಿಮ್ಮಿಂದ ಏನು ಕೇಳುತ್ತಿದ್ದಾರೆ ಅಂತ ಒಂದೊಂದು ಸಾಲು ಬರೆಯಿರಿ ಅಂದೆ. ಹುಡುಗನ ಕಡೆ ಹಾಳೆ ಬೇಗ ತುಂಬಿತು. ಲೊಕೇಶನ್ ಕಳಿಸು. ಫೋಟೋ ಕಳಿಸು. ನಿಮ್ಮೂರಿಗೆ ಬರ್ತೀನಿ, ಅಡ್ರೆಸ್ ಕೊಡು.

ಮಾಜುಲಿಯವರದೆಲ್ಲ ವಾಯ್ಸ್ ಮೆಸೇಜ್. ಹನ್ನೊಂದು ಇದ್ದವು. ಒಂದೊಂದೂ ನಾಲ್ಕೈದು ಸೆಕೆಂಡ್. ಹಿಂದೆ ಮಗ್ಗದ ಟಕ್ ಟಕ್ ಸದ್ದು, ಒಂದರಲ್ಲಿ ಮಗು ಅಳುತ್ತಿತ್ತು. ಒಂಬತ್ತರಲ್ಲಿ ಇದ್ದದ್ದು ಒಂದೇ ಮಾತು: "ಭೊಂಟಿ, ಭಾತ್ ಖಾಲಾ ನೇ?"

ಅದರ ಅರ್ಥ ಏನು ಅಂತ ನಾನು ಕೇಳಿದೆ.

"ಊಟ ಮಾಡಿದ್ಯಾ ಅಂತ."

"ಮತ್ತೆ ಶಾಲಿನ ವಿಷಯ?"

ಆಕೆ ಮತ್ತೆ ಮೊದಲಿಂದ ಕೇಳಿಸಿಕೊಂಡರು. ಎರಡರಲ್ಲಿ ಮಾತ್ರ ಶಾಲಿನ ಸುದ್ದಿ ಇತ್ತು. ದುಡ್ಡು ಕಳಿಸು ಅನ್ನುವ ಮಾತು ಎಲ್ಲೂ ಇರಲಿಲ್ಲ. ಆಕೆ ಅಳಲು ಶುರು ಮಾಡಿದ್ದು ಆಗ. ನಾನು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ, ನಿಮ್ಮ ಅಮ್ಮ ಫೋನ್ ಮಾಡಿ ಊಟ ಆಯ್ತಾ ಅಂದರೆ ನೀವು ಎಷ್ಟು ಉದ್ದ ಉತ್ತರ ಕೊಡುತ್ತೀರಿ? ಆಯ್ತು ಅಂತೀನಿ ಅಷ್ಟೇ, ಅಂದರು. ಇಲ್ಲೂ ಅಷ್ಟೇ ಸಾಕಿತ್ತು. ನಮ್ಮಲ್ಲಿ ಊಟ ಆಯ್ತಾ ಅನ್ನುವುದಕ್ಕೆ ಯಾರೂ ಅಡುಗೆಯ ಲೆಕ್ಕ ಒಪ್ಪಿಸುವುದಿಲ್ಲ, ಅಲ್ವಾ? ಇದ್ದೀಯ ತಾನೆ, ನೆನಪಾಯಿತು ಅಂತ ಅದರ ಅರ್ಥ. ಎರಡು ವಾರ ಆಕೆ ಹೆದರಿ ಕೂತಿದ್ದು ಆ ಮಾತಿಗೆ.

ಇಬ್ಬರಿಗೂ ಒಂದೇ ಭಯ ಹಚ್ಚಿದ್ದೇ ಇಲ್ಲಿಯ ತೊಡಕು. ಒಬ್ಬನಿಗೆ ಈಕೆ ಏನೂ ಕೊಡಬೇಕಿರಲಿಲ್ಲ, ಆದರೂ ಋಣ ಇದೆ ಅನ್ನಿಸುತ್ತಿತ್ತು. ಇನ್ನೊಬ್ಬರಿಗೆ ನಿಜವಾಗಿಯೂ ಒಂದು ಮಾತು ಬಾಕಿ ಇತ್ತು, ಅದಕ್ಕೆ ಮುಖ ತಪ್ಪಿಸುತ್ತಿದ್ದರು.

ಹುಡುಗನ ವಿಷಯದಲ್ಲಿ ನಾನು ಕೊಟ್ಟ ಸಲಹೆ ನೇರವಾಗಿತ್ತು. ಸಾರಿ ಬೇಡ, ಕಾರಣ ಬೇಡ, ನಗುವ ಚಿತ್ರವೂ ಬೇಡ. ಒಂದೇ ಸಲ ಬರೆದು ಕಳಿಸಿ. ಆಕೆ ಬರೆದ ಮೊದಲ ಕರಡಿನಲ್ಲಿ ಹದಿನಾಲ್ಕು ಸಾಲು ಇತ್ತು, "ತಪ್ಪು ತಿಳ್ಕೋಬೇಡಿ" ಅಂತ ಎರಡು ಕಡೆ ಇತ್ತು. ಹೊಡೆದು ಹೊಡೆದು ಕೊನೆಗೆ ಉಳಿದದ್ದು ಇಷ್ಟು: "ನನಗೆ ನಿಮ್ಮ ಸಂಪರ್ಕ ಇಷ್ಟವಿಲ್ಲ. ಇನ್ನು ಮುಂದೆ ಮೆಸೇಜ್, ಕಾಲ್ ಮಾಡಬೇಡಿ." ಬರವಣಿಗೆಯಲ್ಲೇ ಕಳಿಸಿ ಅಂದಿದ್ದಕ್ಕೆ ಕಾರಣ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ, ಹೆಂಗಸು ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಸಂಪರ್ಕಿಸಲು ನೋಡಿದರೆ ಅದು ಹಿಂಬಾಲಿಸುವ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು ಆಗಬಹುದು. ಹಳೆಯ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ಅಣ್ಣನಿಗೂ ಕಳಿಸಿಡಿ, ಆಮೇಲೆ ಬ್ಲಾಕ್ ಮಾಡಿ ಅಂದೆ. ಮನೆ ಹತ್ತಿರ ಕಾಣಿಸಿಕೊಂಡರೆ 112. ಮಾತಾಡಲು, ದಾರಿ ಕೇಳಲು ಮಹಿಳಾ ಸಹಾಯವಾಣಿ 181. ನಡುರಾತ್ರಿ ಎದೆ ಹೊಡೆದುಕೊಂಡು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ನಿದ್ದೆಗೆ ಅಂತ ಬೇರೆ ಏನೂ ಮಾಡಲಿಲ್ಲ. ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗಲು ಹೇಳಿದೆ.

ಮಾಜುಲಿಯವರ ವಿಷಯಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ದುಡ್ಡು ಕಳಿಸಿ ಕೈ ತೊಳೆದುಕೊಳ್ಳುತ್ತೇನೆ ಅಂದರು. ಬೇಡ ಅಂದೆ. ಶಾಲು ತರಿಸದೆ ದುಡ್ಡು ಕಳಿಸಿದರೆ ಅವರು ನೇಯ್ದ ಕೆಲಸಕ್ಕೆ ಬೆಲೆ ಇಲ್ಲ ಅಂದ ಹಾಗಾಗುತ್ತದೆ. ಅಂಗಡಿಯವರನ್ನು ಹಿಡಿದು ದೊಡ್ಡ ವ್ಯಾಪಾರ ಮಾಡಿಸುತ್ತೇನೆ ಅಂದರು. ಅದಕ್ಕೂ ಬೇಡ ಅಂದೆ, ಅದು ಮತ್ತೊಂದು ಪೊಳ್ಳು ಮಾತು. ನಿಮ್ಮ ಕೈಲಿ ಆಗುವುದು ಎಷ್ಟು? ಎಂಟು ಶಾಲು. ಅಷ್ಟನ್ನೇ ಹೇಳಿ. ಯಾವ ದಿನ ದುಡ್ಡು ಕಳಿಸುತ್ತೀರಿ ಅಂತ ಹೇಳಿ. ಮುಂದಿನದಕ್ಕೆ ನೂಲು ಸಾಲ ಮಾಡಬೇಡಿ, ನಾನು ವ್ಯಾಪಾರ ಗೊತ್ತಿಲ್ಲದೆ ಮಾತು ಕೊಟ್ಟೆ ಅಂತಲೂ ಹೇಳಿ. ಆಕೆ ನನ್ನ ಎದುರಿಗೇ ವಾಯ್ಸ್ ಮೆಸೇಜ್ ಮಾಡಿದರು. ಮೊದಲು "ಬಾಯಿದೇಉ" ಅಂದರು, ಅಕ್ಕಾ ಅಂತ. ಆಮೇಲೆ ಊಟ ಆಯಿತು ಅಂದರು. ಆಮೇಲೆ ಶಾಲಿನ ವಿಷಯ. ಉತ್ತರ ಸಂಜೆ ಬಂತಂತೆ. ಎಂಟು ಸಾಕು, ನೀನು ಹುಷಾರಾಗಿದ್ದೀಯಲ್ಲ, ನಾವು ಹೆದರಿದ್ದೆವು ಅಂತ.

ಮೂರನೇ ಭೇಟಿಗೆ ಅಮ್ಮನೂ ಬಂದಿದ್ದರು. "ಒಬ್ಬಳೇ ಹೋಗಬೇಡ ಅಂತ ಬಡ್ಕೊಂಡೆ ಮೇಡಂ, ಕೇಳಿದ್ಲಾ?" ಅಂತ ಶುರು ಮಾಡಿದರು. ಅವರ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಆ ಮಾತಿನ ಭಯಕ್ಕೇ ಮಗಳು ಒಂದು ತಿಂಗಳು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅದನ್ನೇ ಅವರಿಗೆ ಹೇಳಿದೆ. ನಾನು ಹೇಳಿರಲಿಲ್ವಾ ಅನ್ನುವ ಮಾತು ಮನೆಯಲ್ಲಿ ಕಾದು ಕೂತಿದೆ ಅಂತ ಗೊತ್ತಿದ್ದರೆ, ಹೆಣ್ಣುಮಕ್ಕಳು ಕಷ್ಟ ಬಂದಾಗ ಮನೆಗೇ ಕೊನೆಗೆ ಹೇಳುತ್ತಾರೆ. ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ.

ಆಕೆಗೆ ಮತ್ತೆ ಹೋಗುವ ಆಸೆ ಇದೆ. ಹೋಗಬೇಡಿ ಅಂತ ನಾನು ಹೇಳಲಿಲ್ಲ. ಹೇಗೆ ಹೋಗಬೇಕು ಅಂತ ಇಬ್ಬರೂ ಕೂತು ಮಾತಾಡಿದೆವು. ಇರುವ ಜಾಗದ ಫೋಟೋ ಆ ಜಾಗ ಬಿಟ್ಟ ಮೇಲೆ ಹಾಕುವುದು. ಲೈವ್ ಲೊಕೇಶನ್ ಅಣ್ಣನೊಬ್ಬನಿಗೆ. ಹೋಂಸ್ಟೇ ಗೊತ್ತು ಮಾಡುವಾಗ ಮನೆಯ ಹೆಂಗಸಿನ ಹತ್ತಿರ ಒಂದು ನಿಮಿಷ ಫೋನಿನಲ್ಲಿ ಮಾತಾಡುವುದು. ಹೊಸ ಊರಿಗೆ ಬೆಳಕಿರುವಾಗಲೇ ತಲುಪುವುದು. ಮಾಜುಲಿಯಂಥ ಕಡೆ ಕತ್ತಲಾದ ಮೇಲೆ ಫೆರಿ ಸಿಗುವುದೂ ಇಲ್ಲ. ಯಾವ ಹಳ್ಳಿಗೆ ಹೋದರೂ ಆಶಾ ಕಾರ್ಯಕರ್ತೆ ಯಾರು, ಅಂಗನವಾಡಿ ಎಲ್ಲಿ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳುವುದು. ಊರಿನ ಎಲ್ಲ ಮನೆಯೂ ಅವರಿಗೆ ಗೊತ್ತು, ಅವರ ಪರಿಚಯದ ಹೆಣ್ಣುಮಗಳು ಅಂದರೆ ಊರು ನೋಡುವ ರೀತಿಯೇ ಬೇರೆ. ಸ್ನೇಹ ಎಷ್ಟೇ ಆದರೂ ಉಳಿದುಕೊಂಡ ದಿನದ ದುಡ್ಡು ಪೂರ್ತಿ ಕೊಡುವುದು. ಹೊರಡುವ ದಿನ ಯಾವ ಮಾತೂ ಕೊಡದೆ ಬರುವುದು. ಕೊಡಲೇಬೇಕು ಅನ್ನಿಸಿದರೆ ಮನೆಗೆ ಬಂದು ಹದಿನೈದು ದಿನ ಕಳೆದ ಮೇಲೆ ಫೋನಿನಲ್ಲಿ ಹೇಳಿದರಾಯಿತು.

ಹೊಟ್ಟೆ ಕಲಸಿದ ಕ್ಷಣದಲ್ಲಿ ನಗದೆ ಇರುವುದನ್ನೂ ಅಭ್ಯಾಸ ಮಾಡಿದೆವು. ನಾನು ಆ ಹುಡುಗನ ಹಾಗೆ ಬಂದು ನಿಂತೆ. "ನನ್ನನ್ನು ಹಿಂಬಾಲಿಸಿ ಬಂದಿದ್ದು ಸರಿಯಿಲ್ಲ" ಅಂತ ಆಕೆ ಹೇಳಬೇಕು, ಹೇಳಿ ಹತ್ತಿರದ ಹೆಂಗಸರ ಗುಂಪಿನ ಕಡೆ ನಡೆಯಬೇಕು. ಏಳನೇ ಸಲ ನಗದೆ ಹೇಳಿದರು.

ಹುಡುಗನಿಂದ ಬೇರೆ ನಂಬರಿನಲ್ಲಿ ಒಂದು ಕಾಲ್ ಬಂತು. ಆಕೆ ಎತ್ತಲಿಲ್ಲ, ನಂಬರ್ ಬರೆದಿಟ್ಟುಕೊಂಡರು. ಪೊಲೀಸರಿಗೆ ಕೊಡುವ ಅರ್ಜಿ ಬರೆದು ಸಿದ್ಧ ಇದೆ, ಇನ್ನೊಂದು ಸಲ ಬಂದರೆ ಅಣ್ಣನ ಜೊತೆ ಹೋಗಿ ಕೊಡುತ್ತಾರೆ. ನಿದ್ದೆ ಈಗ ಐದಾರು ಗಂಟೆ ಬರುತ್ತಿದೆ, ಇನ್ನೂ ಪೂರ್ತಿ ಸರಿಯಾಗಿಲ್ಲ. ಮುಂದಿನ ತಿಂಗಳು ಮತ್ತೆ ಬರುತ್ತಾರೆ.

ಶಾಲಿನ ಪಾರ್ಸೆಲ್ ಬಂದಿದೆ. ಐದು ಆಫೀಸಿನಲ್ಲಿ ಹೋದವು, ಎರಡು ಬೀರುವಿನಲ್ಲಿವೆ. ಇನ್ನೊಂದನ್ನು, ಕಪ್ಪು ನೂಲಿನ ಮೇಲೆ ಕೆಂಪು ಹೂವಿರುವುದನ್ನು, ಅಮ್ಮ ಎತ್ತಿಟ್ಟುಕೊಂಡು ಊರಿಗೆ ಒಯ್ದಿದ್ದಾರೆ. ದುಡ್ಡು ಎಷ್ಟು ಅಂತ ಕೇಳಿ, ಎಣಿಸಿ ಕೊಟ್ಟರಂತೆ.