ತಗಡಿನ ಮೇಲೆ ಮಳೆ ಜೋರಾದರೆ ನಿದ್ದೆ ಹಾರಿಹೋಗುತ್ತದೆ

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಮಡಿಕೇರಿ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಕಾಫಿ ತೋಟ. 2018ರ ಆಗಸ್ಟ್‌ನಲ್ಲಿ ಮನೆ ಎದುರಿನ ಗುಡ್ಡ ಜಾರಿತು. ನಮ್ಮ ಮನೆ ಉಳಿಯಿತು, ಪಕ್ಕದವರದು ಉಳಿಯಲಿಲ್ಲ. ಅಂದಿನಿಂದ ಜೂನ್ ಬಂತೆಂದರೆ ನಿದ್ದೆಯಿಲ್ಲ. ತಗಡಿನ ಮೇಲೆ ಮಳೆ ಜೋರಾದರೆ ಎದೆ ಹೊಡೆದುಕೊಳ್ಳುತ್ತದೆ, ಎದ್ದು ಕೂತು ಮೊಬೈಲ್ ನೋಡುತ್ತೇನೆ. 2024ರ ವಯನಾಡಿನ ವಿಡಿಯೊಗಳನ್ನು ಎಷ್ಟು ಸಲ ನೋಡಿದೆನೋ. ಯಜಮಾನರು ‘ಏನೂ ಆಗಲ್ಲ, ಮಲಗು’ ಅನ್ನುತ್ತಾರೆ. ಈಗ ಒಂಬತ್ತು ವರ್ಷದ ಮಗಳೂ ‘ಅಮ್ಮಾ, ಇವತ್ತು ಗುಡ್ಡ ಬೀಳುತ್ತಾ?’ ಎಂದು ಕೇಳುತ್ತಾಳೆ. ಮುಂದೆ ಹವಾಮಾನ ಇನ್ನೂ ಕೆಡುತ್ತದಂತೆ. ನನಗೆ ಹುಚ್ಚು ಹಿಡಿಯುತ್ತಿದೆಯೇ?

ಉತ್ತರ: ಇಲ್ಲ ತಂಗಿ. ಕಣ್ಣೆದುರೇ ಗುಡ್ಡ ಜಾರಿದ್ದನ್ನು ಕಂಡವರು ಮಳೆಗೆ ಹೆದರಿದರೆ ಅದು ಹುಚ್ಚಲ್ಲ.

2018ರ ಆ ವಾರ ನಾನು ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿದ್ದೆ. ಅಲ್ಲಿ ಒಬ್ಬ ಅಜ್ಜಿ ಎಡಗೈ ಮುಷ್ಟಿಯನ್ನು ಎರಡು ದಿನ ಬಿಚ್ಚಲೇ ಇಲ್ಲ. ಮೂರನೆಯ ದಿನ ಬಿಸಿನೀರಲ್ಲಿ ಕೈ ಅದ್ದಿಸಿ, ಒಂದೊಂದೇ ಬೆರಳು ಬಿಡಿಸಿದೆವು. ಒಳಗೆ ಮನೆಯ ಬೀಗದ ಕೈ. ಅದರ ಹಲ್ಲುಗಳ ಗುರುತು ಅಂಗೈಯಲ್ಲಿ ಕೆಂಪಗೆ ಮೂಡಿತ್ತು. ಮನೆ ಆಗಲೇ ಮಣ್ಣಿನಡಿ ಹೋಗಿತ್ತು. ನಿಮ್ಮ ಪತ್ರದಲ್ಲಿ ಮೊಬೈಲಿನ ವಿಷಯ ಓದಿದಾಗ ನನಗೆ ಆ ಬೀಗದ ಕೈ ನೆನಪಾಯಿತು. ಹಿಡಿತ ಸಡಿಲಿಸಿದರೆ ಮನೆಯೇ ಹೋಗುತ್ತದೆ ಎಂಬಂತೆ ನೀವು ರಾತ್ರಿಯಿಡೀ ಕಾಯುತ್ತಿದ್ದೀರಿ.

ಭಯ ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ‘ಇರಲೋ, ಹೊರಡಲೋ’ ಎಂಬ ಪ್ರಶ್ನೆಯನ್ನು ರಾತ್ರಿ ಎರಡು ಗಂಟೆಗೆ ಕೈಗೆತ್ತಿಕೊಳ್ಳಬೇಡಿ. ಅದು ಹಗಲಲ್ಲಿ, ಮಳೆಗಾಲಕ್ಕೆ ಮೊದಲೇ, ನೀವೂ ಯಜಮಾನರೂ ಕೂತು ತೀರ್ಮಾನಿಸಬೇಕಾದದ್ದು. ರೆಡ್ ಅಲರ್ಟ್ ಬಂದ ದಿನ ಕತ್ತಲಾಗುವ ಮೊದಲೇ ಯಾರ ಮನೆಗೆ ಹೋಗುವುದು, ಯಾವ ದಾರಿಯಲ್ಲಿ, ದನಕರು ಯಾರು ನೋಡಿಕೊಳ್ಳುವುದು, ತೋಟದ ಕಾಗದಪತ್ರ ಯಾವ ಚೀಲದಲ್ಲಿ. ಇಷ್ಟು ನಿಶ್ಚಯವಾದರೆ ಮನಸ್ಸು ಎಷ್ಟೋ ಹಗುರಾಗುತ್ತದೆ. ಹೊರಟ ರಾತ್ರಿ ಏನೂ ಆಗದಿದ್ದರೆ ಸಂತೋಷವಾಗಿ ವಾಪಸ್ ಬನ್ನಿ. ಯಾರಾದರೂ ನಕ್ಕರೆ ನಗಲಿ.

ನಿಮ್ಮ ಕಡೆ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಭಾಗ ಒಂದು ಸೆಂಟು) ಅಳೆದು ಬರೆದಿಡುತ್ತಾರಲ್ಲ, ಆ ಮಳೆಮಾಪಕ ನಿಮ್ಮ ಅಂಗಳದಲ್ಲೂ ಇರಲಿ. ಬೆಳಿಗ್ಗೆ ಒಂದೇ ಹೊತ್ತಿಗೆ ಮಗಳೇ ಅಳೆಯಲಿ, ನೋಟ್‌ಬುಕ್ಕಿನಲ್ಲಿ ಬರೆಯಲಿ. 24 ಗಂಟೆಯಲ್ಲಿ 204.5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಬಿದ್ದರೆ ಹವಾಮಾನ ಇಲಾಖೆಯವರು ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತಾರೆ. ತೋಟದ ಲೆಕ್ಕದಲ್ಲಿ ಎಂಟು ಇಂಚು ಐದು ಸೆಂಟು. ಹಾಗೆಂದು ಅದಕ್ಕಿಂತ ಕಡಿಮೆಯಿದ್ದರೆ ಅಪಾಯವಿಲ್ಲ ಎಂದಲ್ಲ. ನಾಲ್ಕಾರು ದಿನ ಬಿಡದೆ ಸುರಿದು ಮಣ್ಣು ನೀರು ಕುಡಿದಿದ್ದರೆ ಅರ್ಧ ಮಳೆಯೂ ಸಾಕು. ನೆಲದಲ್ಲಿ ಹೊಸ ಬಿರುಕು, ವಾಲಿದ ಕಂಬ, ಇಲ್ಲದ ಕಡೆ ಒಸರುವ ನೀರು, ತಿಳಿಯಾಗಿದ್ದ ತೋಡು ಇದ್ದಕ್ಕಿದ್ದಂತೆ ಕೆಂಪಾಗುವುದು – ಇವು ಕಂಡರೆ ಅಲರ್ಟಿಗೆ ಕಾಯದೆ ಹೊರಡಿ.

ಹವಾಮಾನದ ಸುದ್ದಿಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ಮಲಗುವಾಗ ಇಂಟರ್‌ನೆಟ್ ಬಂದ್ ಮಾಡಿ. ಫೋನಿನ ಸದ್ದು ಮಾತ್ರ ಜೋರಾಗಿರಲಿ, ತುರ್ತಿದ್ದರೆ ಯಾರಾದರೂ ಕರೆಯುತ್ತಾರೆ. ವಯನಾಡಿನ ವಿಡಿಯೊ ಇನ್ನು ಬೇಡ. ಅದರಿಂದ ತಿಳಿಯಬೇಕಾದದ್ದು ನಿಮಗೆ ತಿಳಿದಿದೆ.

ಮುಂದಿನ ಕಾಲದ ಚಿಂತೆ ನನಗೂ ಇದೆ. ಸಮುದ್ರ ಬಿಸಿಯಾದಂತೆ ಮೋಡ ಹೆಚ್ಚು ನೀರು ಹೊತ್ತು ತರುತ್ತದೆ. ಅದನ್ನು ನೀವೊಬ್ಬರೇ ತಡೆಯಲಾರಿರಿ. ಆದರೆ ನಿಮ್ಮೂರ ಇಳಿಜಾರಿನಲ್ಲಿ ಜೆಸಿಬಿ ಬರೆ ಕಡಿಯುತ್ತಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು. ನಾಲ್ಕು ಮನೆಯ ಹೆಂಗಸರು ಸೇರಿ ಹೋಗಿ. ಅವರೂ ನಿಮ್ಮಂತೆಯೇ ಎಚ್ಚರವಾಗಿ ಮಲಗಿರುತ್ತಾರೆ.

ಇನ್ನೊಂದು ಮಾತು. ಮಳೆಯಿಲ್ಲದ ದಿನವೂ ಆ ಸದ್ದು ಕಿವಿಗೆ ಬಿದ್ದಂತಾದರೆ, ಕನಸಿನಲ್ಲಿ ಬೆಚ್ಚಿ ಏಳುವಂತಾದರೆ, ಅದಕ್ಕೆ ಔಷಧ ಮಳೆಮಾಪಕದಲ್ಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರನ್ನು ಕಾಣಲೂ ಸಂಕೋಚ ಬೇಡ. ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ.

ಮಗಳು ಮತ್ತೆ ಕೇಳಿದಾಗ ‘ಬೀಳಲ್ಲ’ ಎನ್ನಬೇಡಿ. ‘ಗೊತ್ತಿಲ್ಲ ಕಂದ, ಆದರೆ ಮಳೆ ಜಾಸ್ತಿಯಾದರೆ ನಾವು ಇಲ್ಲಿರಲ್ಲ, ಚಿಕ್ಕಮ್ಮನ ಮನೇಲಿರ್ತೀವಿ’ ಎನ್ನಿ. ಚೀಲ ಎಲ್ಲಿದೆ ಎಂದೂ ತೋರಿಸಿ.