ಸೆಸ್ನಾ 152ರಲ್ಲಿ ಟ್ಯಾಬ್ ಎಲ್ಲಿ, ಹೇಗೆ ಕೂರಿಸುವುದು

ಸರ್, ನಿಮ್ಮ ಪ್ರಶ್ನೆಯನ್ನು ಒಮ್ಮೆ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ, ಗುಂಪಿಗೆ ಹೊಸದಾಗಿ ಬಂದವರಿಗೂ ಗೊತ್ತಾಗಲಿ. ಹೊಸೂರಿನಿಂದ ವಾರಾಂತ್ಯಕ್ಕೆ ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣಕ್ಕೆ ಹೋಗಿ ಸೆಸ್ನಾ 152 (ಎರಡು ಸೀಟಿನ ತರಬೇತಿ ವಿಮಾನ) ಹಾರಿಸುತ್ತೀರಿ. ಕೈಯಲ್ಲಿ ಐಪ್ಯಾಡ್ ಮಿನಿ ಇದೆ. ಎಡ ಕಿಟಕಿಗೆ ಒತ್ತಿದ್ದ ಸಕ್ಷನ್ ಕಪ್ ಮೇಲೇರುವಾಗ ಬಿಟ್ಟುಕೊಂಡು ಟ್ಯಾಬ್ ರಡ್ಡರ್ ಪೆಡಲ್ (ಬಾಲದ ಚುಕ್ಕಾಣಿ ತಿರುಗಿಸುವ ಕಾಲುಮೆಟ್ಟು) ಪಕ್ಕ ಬಿತ್ತು. ಈಗ ಯೋಕ್‌ಗೆ (ವಿಮಾನ ನಡೆಸುವ ಕೈಹಿಡಿ) ಕ್ಲಾಂಪ್ ಹಾಕುವುದೋ, ತೊಡೆಗೆ ಕಟ್ಟಿಕೊಳ್ಳುವುದೋ ಎಂದು ಕೇಳಿದ್ದೀರಿ. ಬಾಗಲೂರಿನ ಇನ್ನೊಬ್ಬರು ಟ್ಯೂಬ್ ಚೌಕಟ್ಟಿನ ಮೈಕ್ರೋಲೈಟ್ (ಪುಟ್ಟ ಹಗುರ ವಿಮಾನ) ಬಗ್ಗೆ ಕೇಳಿದ್ದರು, ಅದಕ್ಕೂ ಕೊನೆಯಲ್ಲಿ ಬರುತ್ತೇನೆ.

ಮೊದಲು ಆ ಕಪ್ಪಿನ ವಿಷಯ. ಎತ್ತರಕ್ಕೆ ಹೋದಾಗ ಗಾಳಿಯ ಒತ್ತಡ ಇಳಿದು ಕಪ್ ಬಿಟ್ಟಿತು ಅಂತ ಬರೆದಿದ್ದೀರಿ. ಅದು ಅರ್ಧ ನಿಜ. ಹೊಸೂರು, ಜಕ್ಕೂರು ಎರಡೂ ಸಮುದ್ರಮಟ್ಟದಿಂದ ಸುಮಾರು 3,000 ಅಡಿ. ಅಲ್ಲಿ ಒತ್ತಡ ಹೆಚ್ಚುಕಡಿಮೆ 908 ಹೆಕ್ಟೋಪಾಸ್ಕಲ್, 6,500 ಅಡಿಯಲ್ಲಿ 795ರ ಆಸುಪಾಸು. ಹಿಡಿತ ಕಡಿಮೆಯಾಗುವುದು ಹೌದು, ಆದರೆ 8 ಸೆಂಟಿಮೀಟರ್ ಅಗಲದ ಕಪ್ ಒಳಗಿನ ಗಾಳಿ ಪೂರ್ತಿ ಹೋಗಿದ್ದರೆ ಅದರ ಹಿಡಿತ ಸುಮಾರು ನಲವತ್ತು ಕಿಲೋಗೆ ಸಮ. 300 ಗ್ರಾಮಿನ ಟ್ಯಾಬ್ ಅದಕ್ಕೆ ಲೆಕ್ಕವೇ ಅಲ್ಲ. ಬೀಳಿಸುವುದು ಸೋರಿಕೆ. ಕಿಟಕಿಯ ಬಾಗು, ಕಪ್ಪಿನ ಅಂಚಿನಲ್ಲಿ ಕೂತ ಕೆಂಪು ದೂಳು, ಬಿಸಿಲಿಗೆ ಗಟ್ಟಿಯಾದ ರಬ್ಬರ್, ಎಂಜಿನಿನ ಅದುರು, ಇವೆಲ್ಲ ಸೇರಿ ಸಣ್ಣಗೆ ಗಾಳಿ ಒಳಗೆ ಬಿಡುತ್ತವೆ. ಎತ್ತರ ಕೊನೆಯ ತಳ್ಳು ಕೊಡುತ್ತದೆ, ಅಷ್ಟೆ.

ಕಪ್ಪನ್ನೇ ಉಳಿಸಿಕೊಳ್ಳುವುದಾದರೆ ಬೆಚ್ಚಗಿನ ನೀರು, ಒಂದು ತೊಟ್ಟು ಸಾಬೂನು ಹಾಕಿ ತೊಳೆದು ಒಣಗಿಸಿ. ಕಿಟಕಿಯನ್ನೂ ಹಾಗೆಯೇ ನೀರು, ಮೆತ್ತಗಿನ ಬಟ್ಟೆಯಿಂದಲೇ ಒರೆಸಿ. ಸ್ಪಿರಿಟ್, ಸ್ಯಾನಿಟೈಜರ್, ಮನೆಯ ಗಾಜು ಒರೆಸುವ ದ್ರಾವಣ ಯಾವುದೂ ಬೇಡ. ಅದು ಗಾಜಲ್ಲ, ಅಕ್ರಿಲಿಕ್. ಆಲ್ಕೋಹಾಲ್, ಅಮೋನಿಯ ತಾಗಿದರೆ ಒಳಗೆ ಕೂದಲಿನಂಥ ಬಿರುಕು ಹೆಣೆದುಕೊಳ್ಳುತ್ತದೆ, ಸಂಜೆ ಬಿಸಿಲಿಗೆ ಎದುರಾಗಿ ಇಳಿಯುವಾಗ ಮುಂದೆ ಏನೂ ಕಾಣುವುದಿಲ್ಲ. ಕಿಟಕಿ ಬದಲಿಸುವ ಖರ್ಚಿಗೆ ಹೊಸ ಟ್ಯಾಬೇ ಬರಬಹುದು. ಹಾರಾಟ ಮುಗಿದ ಮೇಲೆ ಕಪ್ ತೆಗೆದುಬಿಡಿ, ಬಿಸಿಲಲ್ಲಿ ಅಂಟಿಕೊಂಡೇ ಇರಲು ಬಿಡಬೇಡಿ.

ಆದರೂ 152ರಲ್ಲಿ ಎಡ ಕಿಟಕಿ ನನ್ನ ಆಯ್ಕೆ ಅಲ್ಲ. ಸರ್ಕ್ಯೂಟ್‌ನಲ್ಲಿ, ಅಂದರೆ ರನ್‌ವೇ ಸುತ್ತ ಹಾರುವ ಸುತ್ತಿನಲ್ಲಿ, ಎಡ ತಿರುವು ತೆಗೆದುಕೊಳ್ಳುವಾಗ ನೀವು ನೋಡಬೇಕಾದ ಕಡೆಯೇ ಅದು. ವಿಂಡ್‌ಶೀಲ್ಡ್‌ಗಂತೂ ಅಂಟಿಸಲೇಬೇಡಿ. ಮಾಪಕಗಳಿರುವ ಪ್ಯಾನೆಲ್ ಮೇಲಿನ ಕಪ್ಪು ಹಲಗೆಯ ಮೇಲೆ ಟ್ಯಾಬ್ ಒರಗಿಸಿಡುವುದೂ ತಪ್ಪು. ಬಿಸಿಲು ನೇರ ಬೀಳುವ ಜಾಗ ಅದು, ಮೇಲಾಗಿ ದಿಕ್ಸೂಚಿಗೆ ತೀರಾ ಹತ್ತಿರ.

ಈಗ ಯೋಕ್. ಮಿನಿಗೆ 152ರಲ್ಲಿ ಇದು ಸರಿಹೋಗುತ್ತದೆ, ದೊಡ್ಡ ಐಪ್ಯಾಡಿಗೆ ಬೇಡ. ಮಿನಿ 195 ಮಿಲಿಮೀಟರ್ ಉದ್ದ, 135 ಅಗಲ, 293 ಗ್ರಾಂ. 10.9 ಇಂಚಿನದು 249 ಉದ್ದ, 180 ಅಗಲ, 477 ಗ್ರಾಂ. ಆ ಇಕ್ಕಟ್ಟಿನಲ್ಲಿ ಅದು ಅರ್ಧ ಪ್ಯಾನೆಲ್ ಮುಚ್ಚುತ್ತದೆ, ಇನ್ನರ್ಧ ನಿಮ್ಮ ತೊಡೆಗೆ ಬಡಿಯುತ್ತದೆ.

ಕ್ಲಾಂಪ್ ಕೊಳ್ಳುವ ಮೊದಲು ವರ್ನಿಯರ್ ತೆಗೆದುಕೊಂಡು ಹೋಗಿ ಶಾಫ್ಟಿನ (ಯೋಕಿನಿಂದ ಪ್ಯಾನೆಲ್ ಒಳಗೆ ಹೋಗುವ ಕೊಳವೆ) ದಪ್ಪ ಅಳೆಯಿರಿ, ಅಂದಾಜು ಬೇಡ. ಯೋಕ್ ಗುಬ್ಬಿಗೂ (ಶಾಫ್ಟಿಗೆ ಸೇರುವ ಅದರ ನಡುಭಾಗ) ಪ್ಯಾನೆಲ್‌ಗೂ ನಡುವೆ ಎಷ್ಟು ಶಾಫ್ಟ್ ಹೊರಗಿದೆ ಎಂಬುದನ್ನು ಯೋಕ್ ಪೂರ್ತಿ ಮುಂದೆ ತಳ್ಳಿದ ಸ್ಥಿತಿಯಲ್ಲಿ ಅಳೆಯಿರಿ. ಬಹಳ ಜನ ಎಡವುವುದು ಇಲ್ಲೇ. ಯೋಕ್ ನಡುಮಟ್ಟದಲ್ಲಿದ್ದಾಗ ಶಾಫ್ಟ್ ಉದ್ದವಾಗಿ ಕಾಣುತ್ತದೆ, ನಡುವೆ ಎಲ್ಲೋ ಕ್ಲಾಂಪ್ ಬಿಗಿಯುತ್ತಾರೆ. ಮುಂದಕ್ಕೆ ತಳ್ಳಿದಾಗ ಶಾಫ್ಟ್ ಪ್ಯಾನೆಲ್ ಒಳಗೆ ಸರಿಯುತ್ತದೆ, ಕ್ಲಾಂಪ್ ಪ್ಯಾನೆಲ್‌ಗೆ ತಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದಿನ ಎಲಿವೇಟರ್ (ಮೂಗು ಏರಿಸಿ ಇಳಿಸುವ ಬಾಲದ ಹಲಗೆ) ಚಲನೆ ನಿಮ್ಮ ಕೈಯಲ್ಲಿ ಇಲ್ಲ. ಸ್ಟಾಲ್‌ನಿಂದ (ರೆಕ್ಕೆ ಎತ್ತುಬಲ ಕಳೆದುಕೊಳ್ಳುವುದು), ಸ್ಪಿನ್‌ನಿಂದ (ಸ್ಟಾಲ್ ಆಗಿ ಸುತ್ತುತ್ತಾ ಬೀಳುವುದು) ಹೊರಬರಲು ಬೇಕಾಗುವುದೇ ಆ ಉಳಿದ ಭಾಗ. ಆದ್ದರಿಂದ ಕ್ಲಾಂಪ್ ಯೋಕ್ ಗುಬ್ಬಿಗೆ ಒತ್ತಿಕೊಂಡೇ ಕೂರಬೇಕು. ಅಲ್ಲಿ ಜಾಗ ಸಾಲದಿದ್ದರೆ ನಿಮ್ಮ ವಿಮಾನಕ್ಕೆ ಯೋಕ್ ಕ್ಲಾಂಪ್ ಬೇಡ, ಮಾತು ಮುಗಿಯಿತು.

ಇನ್ನೊಂದು ಗಮನಿಸಿ. 152ರ ಕಂಟ್ರೋಲ್ ಲಾಕ್ (ನಿಲ್ಲಿಸಿದಾಗ ಯೋಕ್ ಅಲುಗದಂತೆ ಹಿಡಿಯುವ ಸಾಧನ) ಪಿನ್ ಹೋಗುವ ತೂತು ಇದೇ ಶಾಫ್ಟಿನಲ್ಲಿದೆ. ಕ್ಲಾಂಪ್ ಅದನ್ನು ಮುಚ್ಚಿದರೆ ನಿಲ್ಲಿಸಿದಾಗ ಲಾಕ್ ಹಾಕಲಾಗುವುದಿಲ್ಲ, ಏಪ್ರಿಲ್ ಮೇ ತಿಂಗಳ ಮುಂಗಾರುಪೂರ್ವ ಗಾಳಿಗೆ ಏಲೆರಾನ್ (ವಿಮಾನ ವಾಲಿಸುವ ರೆಕ್ಕೆಯಂಚಿನ ಹಲಗೆ) ರಪರಪ ಬಡಿದುಕೊಳ್ಳುತ್ತದೆ. ಟ್ಯಾಬಿನ ಹಿಂದೆ ಲಾಕಿನ ಕೆಂಪು ತಗಡು ಮರೆಯಾದರೆ ಇನ್ನೂ ಕೆಟ್ಟದ್ದು, ಲಾಕ್ ತೆಗೆಯಲು ಮರೆತೇಬಿಡಬಹುದು. ಯೋಕಿನ ಮೇಲೆ ಮೈಕ್ ಬಟನ್ನಿನ ಸುರುಳಿ ವೈರ್ ಇದ್ದರೆ ಕ್ಲಾಂಪ್ ಅದನ್ನು ಅದುಮದಂತೆ ನೋಡಿಕೊಳ್ಳಿ.

ಕ್ಲಾಂಪಿನ ದವಡೆಗೂ ಶಾಫ್ಟಿಗೂ ನಡುವೆ ಒಂದು ಪದರ ಸೈಕಲ್ ಟ್ಯೂಬ್ ತುಂಡು ಹಾಕಿ, ಗೀರು ಬೀಳದು, ಜಾರದು. ರಬ್ಬರ್ ಮೊದಲ ಹಾರಾಟದಲ್ಲೇ ಸ್ವಲ್ಪ ಅಮರುತ್ತದೆ, ಇಳಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ. ಬಿಗಿಯುವುದು ಕೈಯಿಂದಷ್ಟೇ, ಇಕ್ಕುಳ ಬೇಡ. ಚೆಂಡು ಕೀಲಿರುವ ಮೌಂಟಾದರೆ 1 ಇಂಚಿನ ಚೆಂಡು ಮಿನಿಗೆ ಸಾಕು. ತೋಳು ಗಿಡ್ಡದ್ದೇ ಇರಲಿ, 6 ಸೆಂಟಿಮೀಟರ್ ಸುಮಾರು. ಉದ್ದ ತೋಳು ಹಾಕಿದರೆ ಟ್ಯಾಕ್ಸಿ ಮಾಡುವಾಗಲೇ ಪರದೆ ತಲೆಯಾಡಿಸುವ ಬೊಂಬೆ ಆಗುತ್ತದೆ. ಚೆಂಡಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಸ್ಕ್ರೂ ಸಡಿಲಾಗುತ್ತದೆ ಅಂತ ನೀಲಿ ಲಾಕ್‌ಟೈಟ್ ಸುರಿಯುವವರಿದ್ದಾರೆ. ಲೋಹಕ್ಕೆ ಲೋಹವಾದರೆ ಸರಿ, ಪ್ಲಾಸ್ಟಿಕ್ ಮೌಂಟಿಗೆ ಅದು ತಾಗಿದರೆ ಕೆಲ ದಿನಗಳಲ್ಲಿ ಬಿರುಕು ಬಿಡುತ್ತದೆ. ಅಲ್ಲಿ ನೈಲಾನ್ ಒಳಪದರದ ನಟ್ ಹಾಕಿ.

ಟ್ಯಾಬ್ ಶಾಫ್ಟಿನ ಮಧ್ಯರೇಖೆಗೆ ಸರಿಯಾಗಿ ಇರಲಿ. ಮೌಂಟ್ ಸೇರಿ ಅರ್ಧ ಕಿಲೋ ದಾಟುವ ಭಾರ ಒಂದು ಪಕ್ಕಕ್ಕೆ ಹೋದರೆ ಕೈಬಿಟ್ಟ ಕೂಡಲೇ ಯೋಕ್ ಆ ಕಡೆ ವಾಲುತ್ತದೆ, ಪೆನ್ನು ಹುಡುಕಿ ತಲೆ ಎತ್ತುವಷ್ಟರಲ್ಲಿ ರೆಕ್ಕೆ ಇಳಿದಿರುತ್ತದೆ. ಟ್ಯಾಬ್ ಉದ್ದುದ್ದ ನಿಲ್ಲಿಸುವುದು ಮಿನಿಗೆ ಒಳ್ಳೆಯದು.

ಎಲ್ಲ ಕೂರಿಸಿದ ಮೇಲೆ, ಎಂಜಿನ್ ಆಫ್ ಇರುವಾಗ, ಕೀ ಜೇಬಿನಲ್ಲಿಟ್ಟುಕೊಂಡು ಈ ಪರೀಕ್ಷೆ ಮಾಡಿ. ಸೀಟು ನೀವು ಹಾರಿಸುವ ಜಾಗಕ್ಕೆ ಸರಿಸಿ, ಬೆಲ್ಟ್ ಕಟ್ಟಿ, ಹೆಡ್‌ಸೆಟ್ ಹಾಕಿ. ಪಕ್ಕದ ಸೀಟಿನಲ್ಲಿ ಒಬ್ಬರನ್ನು ಕೂರಿಸಿ. ಯೋಕ್ ಪೂರ್ತಿ ಹಿಂದಕ್ಕೆ ಎಳೆದು ಎಡಕ್ಕೆ ಕೊನೆವರೆಗೆ, ಬಲಕ್ಕೆ ಕೊನೆವರೆಗೆ ತಿರುಗಿಸಿ. ಪೂರ್ತಿ ಮುಂದಕ್ಕೆ ತಳ್ಳಿ ಮತ್ತೆ ಎಡ, ಬಲ. ಈ ನಾಲ್ಕೂ ಮೂಲೆಯಲ್ಲಿ ಒಂದೊಂದು ಕಾಲಿಂದ ರಡ್ಡರ್ ಪೂರ್ತಿ ಒತ್ತಿ, ಏಕೆಂದರೆ ಒತ್ತಿದಾಗ ಮಂಡಿ ಮೇಲೇಳುತ್ತದೆ. ಟ್ಯಾಬಿಗೂ ಹೊಟ್ಟೆ, ತೊಡೆ, ಬೆಲ್ಟ್ ಬಕಲ್‌ಗೂ ನಡುವೆ ಎಲ್ಲೆಲ್ಲೂ ನಾಲ್ಕು ಬೆರಳು ಜಾಗ ಉಳಿಯಬೇಕು. ಇಳಿಯುವಾಗ ಫ್ಲೇರ್‌ನಲ್ಲಿ (ನೆಲ ಮುಟ್ಟುವ ಮುನ್ನ ಮೂಗು ಎತ್ತುವಾಗ) ಯೋಕ್ ಹೊಟ್ಟೆಗೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಟ್ಯಾಬ್ ಹಾಕುವಾಗ ಮಾತ್ರ ಮರೆಯುತ್ತಾರೆ. ಆಮೇಲೆ ನೇರ ಕೂತು ನೋಡಿ. ಕತ್ತು ಬಗ್ಗಿಸದೆ ವೇಗ, ಎತ್ತರ, ಆರು ಮುಖ್ಯ ಮಾಪಕಗಳೂ ಕಾಣಬೇಕು. ಮಾಸ್ಟರ್ ಸ್ವಿಚ್, ಇಗ್ನಿಷನ್, ಕಾರ್ಬ್ ಹೀಟ್, ಮಿಕ್ಸ್ಚರ್, ಫ್ಲಾಪ್, ನೆಲದ ಇಂಧನ ವಾಲ್ವ್, ಎಲ್ಲಕ್ಕೂ ಕಣ್ಣುಮುಚ್ಚಿ ಕೈ ಹೋಗಬೇಕು. ಬಾಗಿಲ ಹಿಡಿಗೂ.

ದಿಕ್ಸೂಚಿ ಪರೀಕ್ಷೆ ಪ್ರತ್ಯೇಕ. ಐಪ್ಯಾಡಿನ ಒಳಗೆ, ಮಡಚುವ ಕವರಿನಲ್ಲಿ ಅಯಸ್ಕಾಂತಗಳಿವೆ. ದಿಕ್ಸೂಚಿಯ ಓದು ಬರೆದುಕೊಂಡು, ಟ್ಯಾಬನ್ನು ಅದರ ಜಾಗದಲ್ಲಿ ಕೂರಿಸಿ, ಮತ್ತೆ ಓದಿ. ಚಾರ್ಜರ್ ಹಾಕಿಯೂ ಒಮ್ಮೆ. ಸೂಚಿ ಕಣ್ಣಿಗೆ ಕಾಣುವಷ್ಟು ಸರಿದರೆ ಕವರ್ ತೆಗೆದು ನೋಡಿ, ಬಹುತೇಕ ಅಲ್ಲೇ ಸರಿಹೋಗುತ್ತದೆ. ಅಯಸ್ಕಾಂತದಿಂದ ಹಿಡಿಯುವ ಫೋನ್ ಮೌಂಟುಗಳು ಕಾರಿಗೇ ಇರಲಿ.

ಕರೆಂಟ್ ವಿಷಯದಲ್ಲಿ ಒಂದೇ ತಪ್ಪು ಪದೇಪದೇ ಆಗುತ್ತದೆ. 152ರ ವ್ಯವಸ್ಥೆ 28 ವೋಲ್ಟಿನದು, ಹಳೆಯ 150ರದ್ದು 14. ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯ 12 ವೋಲ್ಟ್ ಕಾರ್ ಚಾರ್ಜರ್ ಇದರ ಸಾಕೆಟ್ಟಿಗೆ ಚುಚ್ಚಿದರೆ ಹೊಗೆ ಬರಬಹುದು. ಮೇಲೆ 12–24 ವೋಲ್ಟ್ ಅಂತ ಬರೆದಿದ್ದರೂ ಸಾಲದು, 30ಕ್ಕೂ ತಡೆಯುತ್ತದೆ ಎಂದು ಸ್ಪಷ್ಟವಾಗಿ ಇರಬೇಕು. ಅಗ್ಗದ ಚಾರ್ಜರ್ ರೇಡಿಯೋಗೂ ಕಾಟ. ವಿಮಾನದ ವಿಎಚ್ಎಫ್ ರೇಡಿಯೋ 118ರಿಂದ 137 ಮೆಗಾಹರ್ಟ್ಸ್, ಚಾರ್ಜರಿನ ಒಳಗಿನ ಸ್ವಿಚಿಂಗ್ ಗದ್ದಲ ಅಲ್ಲಿಗೂ ನುಗ್ಗುತ್ತದೆ. ರೇಡಿಯೋ ಹಾಕಿ, ಸ್ಕ್ವೆಲ್ಚ್ (ಹಿನ್ನೆಲೆ ಗದ್ದಲ ತಡೆಯುವ ಗುಂಡಿ) ಸರಿಯಾಗಿ ಇಟ್ಟು, ಚಾರ್ಜರ್ ಚುಚ್ಚಿ ತೆಗೆದು ಮಾಡಿ. ಚುಚ್ಚಿದಾಗಲೆಲ್ಲ ಗರಗರ ಬಂದರೆ ಆ ಚಾರ್ಜರ್ ಬಿಸಾಡಿ.

ಇದಕ್ಕಿಂತ ಪವರ್ ಬ್ಯಾಂಕ್ ಸುಲಭ. ಮಿನಿಯ ಬ್ಯಾಟರಿ ಸುಮಾರು 19 ವ್ಯಾಟ್ ಅವರ್. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ 37 ವ್ಯಾಟ್ ಅವರ್ ಇರುತ್ತದೆ, ನಷ್ಟ ಕಳೆದರೂ ಒಂದು ಸಲ ತುಂಬುತ್ತದೆ. ಅದು ಕೈಗೆ ಸಿಗುವ ಜಾಗದಲ್ಲಿರಲಿ, ಸೀಟಿನ ಹಿಂದಿನ ಚೀಲದಲ್ಲಿ ಬೇಡ. ಬಿಸಿಯಾದರೆ ತಕ್ಷಣ ಗೊತ್ತಾಗಬೇಕು. ಕೇಬಲ್ 1 ಮೀಟರ್ ಮೀರದಿರಲಿ. ಯೋಕಿನ ಪೂರ್ತಿ ಚಲನೆಗೆ ಬೇಕಾದಷ್ಟೇ ಸಡಿಲು ಬಿಟ್ಟು ವೆಲ್ಕ್ರೋದಿಂದ ಕಟ್ಟಿ, ಶಾಫ್ಟಿಗೆ ಸುತ್ತಬೇಡಿ.

ಬಿಸಿಯೇ ನಮ್ಮ ಕಡೆಯ ದೊಡ್ಡ ತೊಂದರೆ. ಐಪ್ಯಾಡ್ ಕೆಲಸ ಮಾಡಲು ಕಂಪನಿ ಹೇಳುವ ಮಿತಿ 35 ಡಿಗ್ರಿ, ಸುಮ್ಮನೆ ಇಡಲು 45. ಏಪ್ರಿಲ್‌ನಲ್ಲಿ ನೆರಳಿಲ್ಲದ ಏಪ್ರನ್ನಿನಲ್ಲಿ (ವಿಮಾನ ನಿಲ್ಲಿಸುವ ಅಂಗಳ) ನಿಂತ ವಿಮಾನದ ಒಳಗೆ ಇದನ್ನು ಮೀರುವುದು ಕಷ್ಟವೇ ಅಲ್ಲ. ಬಿಸಿಯೇರಿದರೆ ಮೊದಲು ಚಾರ್ಜಿಂಗ್ ನಿಲ್ಲುತ್ತದೆ, ಪರದೆ ಮಂಕಾಗುತ್ತದೆ, ಆಮೇಲೆ ಥರ್ಮಾಮೀಟರ್ ಚಿತ್ರದ ಎಚ್ಚರಿಕೆ ಬಂದು ಎಲ್ಲ ಮುಚ್ಚಿಹೋಗುತ್ತದೆ. ಆದ್ದರಿಂದ ಹಾರುವ ಮೊದಲು ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ, ಮಧ್ಯಾಹ್ನ ಹಾರುತ್ತಾ ಚಾರ್ಜ್ ಮಾಡಬೇಡಿ. ಬೆನ್ನು ಮುಚ್ಚುವ ದಪ್ಪ ಕಪ್ಪು ಕೇಸ್ ತೆಗೆಯಿರಿ, ನಾಲ್ಕು ಮೂಲೆ ಮಾತ್ರ ಹಿಡಿಯುವ ತೊಟ್ಟಿಲು ಮೇಲು. ತಾಜಾ ಗಾಳಿ ಬರುವ ಕೊಳವೆ ಟ್ಯಾಬಿನ ಬೆನ್ನಿಗೆ ತಿರುಗಿಸಿ. ಕಾಯುವಾಗ ಪರದೆ ಆರಿಸಿ. ಬಿಸಿ ಟ್ಯಾಬನ್ನು ಐಸ್ ಡಬ್ಬಿಯಲ್ಲಿಟ್ಟರೆ ಒಳಗೆ ನೀರು ಹನಿಗಟ್ಟುತ್ತದೆ, ಆ ಉಪಾಯ ಬೇಡ. ಕಾಗದದ ನಕ್ಷೆ ಸೀಟಿನ ಪಕ್ಕ ಇದ್ದೇ ಇರಬೇಕು.

ಪೋಲರೈಸ್ಡ್ ಕನ್ನಡಕ ಹಾಕಿಕೊಂಡರೆ ಪರದೆ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತದೆ, ಮಾಮೂಲಿ ಕಪ್ಪು ಕನ್ನಡಕ ಸಾಕು. ನಿಮ್ಮದು ವೈಫೈ ಮಾತ್ರ ಇರುವ ಮಿನಿಯಾದರೆ ಅದರಲ್ಲಿ ಜಿಪಿಎಸ್ ಇಲ್ಲ. ಸಿಮ್ ಹಾಕುವ ಮಾದರಿಯಲ್ಲಿ ಮಾತ್ರ ಇರುತ್ತದೆ, ಇಲ್ಲವೇ ಬ್ಲೂಟೂತ್ ರಿಸೀವರ್ ಬೇಕು. ನಕ್ಷೆಗಳನ್ನು ಮನೆಯಲ್ಲೇ ಇಳಿಸಿಕೊಂಡು, ಏರ್‌ಪ್ಲೇನ್ ಮೋಡ್‌ನಲ್ಲಿ ತೆರೆದು ನೋಡಿ.

ತೊಡೆಪಟ್ಟಿ: ಎಡ ಸೀಟಿನವರಿಗೆ ಬಲ ತೊಡೆ. ಅಗಲ ಇಲಾಸ್ಟಿಕ್, ವೆಲ್ಕ್ರೋ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ, 5 ಸೆಂಟಿಮೀಟರ್ ಅಗಲದ್ದು ತೊಗೊಳ್ಳಿ. ಮೇಲಿನ ನಾಲ್ಕು ಮೂಲೆಯ ಪರೀಕ್ಷೆ ಇದಕ್ಕೂ ಕಡ್ಡಾಯ, ಯೋಕ್ ಅಂಚು ಟ್ಯಾಬಿಗೆ ಸಿಕ್ಕಿಕೊಳ್ಳುವುದು ಪೂರ್ತಿ ಏಲೆರಾನ್‌ನಲ್ಲೇ. ತಲೆ ತಗ್ಗಿಸಿ ನೋಡಬೇಕಾಗುವುದು ಇದರ ದೋಷ. ತಿರುವಿನಲ್ಲಿರುವಾಗ ತಟಕ್ಕನೆ ತಗ್ಗಿಸಿ ಎತ್ತಿದರೆ ಒಳಕಿವಿ ಮೋಸ ಮಾಡಿ ತಲೆ ತಿರುಗುತ್ತದೆ. ರೆಕ್ಕೆ ಸಮ ಮಾಡಿಕೊಂಡ ಮೇಲೆ ನೋಡಿ. ಯೋಕ್ ಜಾಗ ಕೊಡದಿದ್ದರೆ ನಾನು ಹೇಳುವುದು ಇದನ್ನೇ, ಕಿಟಕಿಗೆ ಮರಳಬೇಡಿ.

ಬಾಗಲೂರಿನವರಿಗೆ: ಟ್ಯೂಬ್ ಕ್ಲಾಂಪ್ ಒಳ್ಳೆಯದು. ಆದರೆ ಟ್ಯೂಬಿಗೆ ತೂತು ಕೊರೆಯಬಾರದು, ಸಣ್ಣ ತೂತಿನಿಂದಲೇ ಬಿರುಕು ಶುರುವಾಗುತ್ತದೆ. ಕಂಟ್ರೋಲ್ ಕೇಬಲ್, ಇಂಧನ ಪೈಪ್ ಹಾದುಹೋಗುವ ಟ್ಯೂಬ್ ಬಿಟ್ಟು ಬೇರೆಯದು ಹಿಡಿಯಿರಿ. ಕ್ಲಾಂಪಿನ ಅಳತೆ ಕೂಡದಿದ್ದರೆ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಡೆಯ ಯಾವ ಲೇತ್ ಅಂಗಡಿಯಲ್ಲಾದರೂ ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ಬುಷ್ ತಿರುವಿಸಿಕೊಳ್ಳಬಹುದು. ಟ್ಯಾಬ್ ಬದಲು ಫೋನ್ ಕೂರಿಸಿದರೆ ಟು ಸ್ಟ್ರೋಕ್ ಎಂಜಿನಿನ ಅದುರಿಗೆ ಅದರ ಕ್ಯಾಮೆರಾ ಸ್ಥಿರತೆಯ ಭಾಗ ಕೆಡುವುದುಂಟು, ನಡುವೆ ರಬ್ಬರ್ ಡ್ಯಾಂಪರ್ ಹಾಕಿ. ತೆರೆದ ಕಾಕ್‌ಪಿಟ್ಟಾದರೆ 3 ಮಿಲಿಮೀಟರ್ ನೈಲಾನ್ ದಾರದಿಂದ ಟ್ಯಾಬನ್ನು ಚೌಕಟ್ಟಿಗೆ ಕಟ್ಟಿ. ದಾರ 20 ಸೆಂಟಿಮೀಟರ್ ಸಾಕು, ಕಳಚಿ ನೇತಾಡಿದರೂ ಸ್ಟಿಕ್ಕಿಗೆ ತಲುಪಬಾರದು. ಪ್ರೊಪೆಲ್ಲರ್ ಬೆನ್ನ ಹಿಂದಿರುವ ಯಂತ್ರದಲ್ಲಿ ದಾರವಿಲ್ಲದೆ ಹತ್ತಲೇಬೇಡಿ, ಕಳಚಿದ್ದೆಲ್ಲ ನೇರ ಅಲ್ಲಿಗೇ ಹೋಗುತ್ತದೆ.

ಸೆಸ್ನಾದಲ್ಲಿ ಮಾತ್ರ ಸ್ವಂತ ಕೈಚಳಕ ತೋರಿಸಬೇಡಿ ಸರ್. ಕೈಯಿಂದ ಹಾಕಿ ಕೈಯಿಂದ ತೆಗೆಯುವುದು ಒಂದು ಲೆಕ್ಕ. ಪ್ಯಾನೆಲ್‌ಗೆ ಸ್ಕ್ರೂ ಹಾಕಿದರೆ, ವೈರ್ ಎಳೆದರೆ ಅದು ವಿಮಾನದ ಮಾರ್ಪಾಡು, ಅನುಮೋದನೆ ಬೇಕಾಗುತ್ತದೆ. ಕೈಯಿಂದ ತೆಗೆಯುವ ಕ್ಲಾಂಪನ್ನೂ ಎಎಂಇಗೆ (ವಿಮಾನ ನಿರ್ವಹಣಾ ಎಂಜಿನಿಯರ್), ನಿಮ್ಮ ಇನ್‌ಸ್ಟ್ರಕ್ಟರಿಗೆ ತೋರಿಸಿಯೇ ಹಾರಿ.

ಶಾಫ್ಟಿನ ದಪ್ಪ, ಯೋಕ್ ಪೂರ್ತಿ ಮುಂದಿರುವಾಗ ಹೊರಗುಳಿಯುವ ಉದ್ದ, ಲಾಕ್ ತೂತಿನ ಫೋಟೋ, ಈ ಮೂರನ್ನೂ ಇಲ್ಲೇ ಹಾಕಿ. ಯಾವ ಕ್ಲಾಂಪ್ ಕೂರುತ್ತದೆ ನೋಡಿ ಹೇಳುತ್ತೇನೆ.